ಒಂದು ಹಲ್ಲಿನ ಪ್ರಶ್ನೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ಹಳೆಯ ಗಾದೆ. ಈಗ ಹಣವಿದ್ದವನಿಗೆ ಎರಡೂ ಉಂಟು.

ಟೈಟೇನಿಯಂ ಲೋಹ ಎಲುಬಿನೊಡನೆ ಬೆಸೆದುಕೊಳ್ಳುವುದನ್ನು ಕಂಡ ಸ್ವೀಡನ್ನಿನ ಬ್ರೋನೆಮಾರ್ಕ್, 1965ರಲ್ಲಿ ಅದರ ತಿರುಪನ್ನು ಮನುಷ್ಯನ ದವಡೆಗೆ ನೆಟ್ಟರು. ಇದೇ ಇಂಪ್ಲಾಂಟ್. ಕೆಲವು ತಿಂಗಳಲ್ಲಿ ತಿರುಪು ಬೇರಿನಂತೆ ಕಚ್ಚಿಕೊಳ್ಳುತ್ತದೆ; ಅದರ ಮೇಲೆ ಹಲ್ಲು ಕೂರಿಸುತ್ತಾರೆ. ಪಕ್ಕದ ಹಲ್ಲುಗಳನ್ನು ತೇಯಬೇಕಾಗಿಲ್ಲ.

ಒಂದು ಹಲ್ಲು ಹೋದರೇನು ಎನ್ನುವವರಿಗೆ ಹೇಳುತ್ತೇವೆ: ತೆರವನ್ನು ಹಾಗೇ ಬಿಟ್ಟರೆ ಪಕ್ಕದ ಹಲ್ಲು ವಾಲಬಹುದು; ಅಲ್ಲಿಯ ಎಲುಬು ಸವೆಯುತ್ತದೆ.

ಆದರೆ ಖಾಸಗಿ ದವಾಖಾನೆಯಲ್ಲಿ ಈ ಒಂದು ಹಲ್ಲು ಗಿರಣಿ ಕಾರ್ಮಿಕನ ಇಡೀ ತಿಂಗಳ ಸಂಬಳವನ್ನೇ ನುಂಗಬಲ್ಲದು. ಇ.ಎಸ್.ಐ. ವಿಮೆಗೆಂದು 2019ರಿಂದ ಅವನ ಕೂಲಿಯಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿಯುತ್ತಿದ್ದಾರೆ. ಚಿಲ್ಲರೆ ಅಂಗಡಿಯವನಿಗೆ ಆ ವಿಮೆಯೂ ಇಲ್ಲ.

ಹಲ್ಲುದುರಿದ ಬಡ ವೃದ್ಧರಿಗೆ ಕಟ್ಟುಹಲ್ಲು ಕೊಡಲು ಕರ್ನಾಟಕ ಸರಕಾರ ದಂತಭಾಗ್ಯ ತಂದಿತು. ಒಳ್ಳೆಯದೇ. ಹಾಗೆಂದು ಒಂದು ಹಲ್ಲು ಕಳೆದುಕೊಂಡವನು ಉಳಿದವೂ ಉದುರಲೆಂದು ಕಾಯಬೇಕೆ?

ನಾವು ದಯೆ ಬೇಡುತ್ತಿಲ್ಲ. ವಿಮೆಯ ಹಣ ನಮ್ಮ ಬೆವರಿನದು. ಸರಕಾರಿ ಆಸ್ಪತ್ರೆ ನಮ್ಮ ತೆರಿಗೆಯದು. ಈ ಚಿಕಿತ್ಸೆ ಎರಡೂ ಕಡೆ ದುಡಿಯುವವರ ಕೈಗೆಟುಕಲಿ. ಹಲ್ಲು ಕಚ್ಚಿ ಸಹಿಸಿದ್ದು ಸಾಕು.