ಮೊದಲು ಕೊನೆಗೌಡನ ತಾರೀಖು ಕೇಳಿ

ಡಿಸೆಂಬರ್ ಕೊನೆಯ ವಾರಕ್ಕೆ ದಿನ ಗೊತ್ತು ಮಾಡಿ, ತಲೆಗೆ ಇಷ್ಟು ಎಂದು ಲೆಕ್ಕ ಹಾಕಿ, ಕಡಲ ತಡಿಯ ರೆಸಾರ್ಟಿಗೆ ಬಂಧುಬಳಗವನ್ನೆಲ್ಲ ಕರೆಯುವ ಪದ್ಧತಿಯೊಂದು ಹೊರನಾಡ ಕನ್ನಡಿಗರಲ್ಲಿ ಬೇರು ಬಿಡುತ್ತಿದೆ. ಅದಕ್ಕೆ ಕುಟುಂಬ ಸಮ್ಮಿಲನ ಎಂದು ಹೆಸರು. ಕಡಲಿನ ಬಗ್ಗೆ ನನ್ನ ತಕರಾರಿಲ್ಲ, ರೆಸಾರ್ಟಿನ ಬಗ್ಗೆಯೂ ಇಲ್ಲ. ನಾನು ಕಂಡ ಇಂಥ ಸಮ್ಮಿಲನಗಳಲ್ಲೆಲ್ಲ ಒಂದು ಮನೆಯವರು ಬಂದಿರುವುದಿಲ್ಲ. ಹಾಗೆ ಬಾರದೆ ಉಳಿಯುವುದು ಪ್ರತಿಸಲವೂ ಒಂದೇ ಮನೆ, ಊರಿನಲ್ಲಿ ನಿಂತವರ ಮನೆ. ಅವರು ಬರಲಾಗದ ಹಾಗೆ ಯೋಜನೆ ತಯಾರಾಗುತ್ತದೆ. ಆಮೇಲೆ "ಅವರಿಗೆ ಇದರಲ್ಲೆಲ್ಲ ಆಸಕ್ತಿ ಕಡಿಮೆ" ಎಂಬ ಷರಾ ಬರುತ್ತದೆ. ತಕರಾರು ಇರುವುದು ಇಲ್ಲಿ.

ನಮ್ಮ ಮನೆಯ ಲೆಕ್ಕವನ್ನೇ ಮುಂದಿಡುತ್ತೇನೆ. ಶಿರಸಿ ಹತ್ತಿರದ ಹಳ್ಳಿಯ ಮೂಲದವರು ನಾವು. ಒಟ್ಟು ಎಂಟು ಮನೆ, 27 ಜನ. ಬೆಂಗಳೂರಿನಲ್ಲಿ ಮೂರು, ಪುಣೆಯಲ್ಲಿ ನಮ್ಮದೂ ಸೇರಿ ಎರಡು, ಮುಂಬೈ ಮತ್ತು ಹೈದರಾಬಾದಿನಲ್ಲಿ ಒಂದೊಂದು ಮನೆ. ಎಂಟನೆಯದು ಮೂಲಮನೆ. ಅಲ್ಲಿ ದೊಡ್ಡಪ್ಪನ ಮಗ, ಅಂದರೆ ನಮ್ಮೆಲ್ಲರ ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, 83 ವರ್ಷದ ದೊಡ್ಡಾಯಿ. ಈ ಸಲದ ಪ್ರಸ್ತಾವ ಗೋವಾದಲ್ಲಿ ಮೂರು ರಾತ್ರಿ, ಡಿಸೆಂಬರ್ 26ರಿಂದ, ತಲೆಗೆ 14,500 ರೂಪಾಯಿ. ವಾಟ್ಸಾಪ್ ಗುಂಪಿನಲ್ಲಿ ಮತದಾನವಾಯಿತು, ಬಹುಮತವೂ ಬಂತು. ಅಣ್ಣ ಮತ ಹಾಕಲಿಲ್ಲ. ಎರಡು ದಿನ ಬಿಟ್ಟು ಅವನ ಸಂದೇಶ ಬಂತು: "ಕೊನೆಕೊಯ್ಲು ಇದ್ದು, ಬಪ್ಪಲೆ ಆಗ್ತಿಲ್ಲೆ. ನೀವೆಲ್ಲ ಹೋಗಿ ಬನ್ನಿ." ಅದಕ್ಕೆ ಹನ್ನೊಂದು ಜನ ಅಳುಮೋರೆಯ ಇಮೋಜಿ ಹಾಕಿದರು. ಯಾರೂ ತಾರೀಖು ಬದಲಿಸೋಣ ಎನ್ನಲಿಲ್ಲ. ನಾನು ಎಂದೆ, ಜಗಳ ಶುರುವಾಯಿತು. ಆ ಜಗಳದ ವಾದಗಳು ನಮ್ಮ ಮನೆಯವು ಮಾತ್ರ ಅಲ್ಲ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಾರೀಖಿನ ಮಾತು. ಅಡಿಕೆ ಸೀಮೆಯಲ್ಲಿ ನವೆಂಬರಿನಿಂದ ಸುಮಾರು ಜನವರಿ ಕೊನೆಯವರೆಗೆ ಕೊಯ್ಲು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಈಗ ಊರಿಗೊಬ್ಬರೂ ಸಿಗುವುದಿಲ್ಲ. ಕೊನೆಗೌಡ ಒಂದು ದಿನ ಕೊಟ್ಟರೆ ಅದೇ ದಿನ. ಅದನ್ನು ಬಿಟ್ಟರೆ ಮತ್ತೆ ಅವನ ಬಿಡುವಿಗೆ ಕಾಯಬೇಕು, ಅಷ್ಟರಲ್ಲಿ ಕಾಯಿ ಹಣ್ಣಾಗಿ ಉದುರುತ್ತದೆ. ಇಳಿಸಿದ ಹಸಿ ಅಡಿಕೆಯೂ ನಮ್ಮ ರಜೆ ಮುಗಿಯಲಿ ಎಂದು ಕಾಯುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಅಟ್ಟದ ಮೇಲೆ ಹರವಿ ಒಣಗಿಸಬೇಕು. ನಡುವೆ ಅಕಾಲ ಮಳೆಯ ಮೋಡ ಕಂಡರೆ ಮನೆಮಂದಿಯೆಲ್ಲ ಅಂಗಳಕ್ಕೆ ಓಡಬೇಕು. ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗ ಬೇರೆ ತೋಟಗಳನ್ನು ತಿನ್ನುತ್ತಿದೆ. ಉಳಿದ ಫಸಲನ್ನಾದರೂ ಸರಿಯಾಗಿ ಕೈಗೆ ತೆಗೆದುಕೊಳ್ಳಬೇಕು. ವರ್ಷದ ದುಡಿಮೆ ಕೈಗೆ ಬರುವ ಆ ವಾರಗಳಲ್ಲೇ ಅಣ್ಣನನ್ನು ಗೋವಾಕ್ಕೆ ಕರೆದಿದ್ದಾರೆ.

ಹೈದರಾಬಾದಿನ ತಮ್ಮನ ಉತ್ತರ: "ನಮಗೂ ಬೇರೆ ಸಮಯ ರಜೆ ಸಿಗೋದಿಲ್ಲ." ಇಪ್ಪತ್ತು ವರ್ಷದಿಂದ ಪ್ರಾಜೆಕ್ಟುಗಳ ವೇಳಾಪಟ್ಟಿ ಮಾಡುವುದೇ ನನ್ನ ಹೊಟ್ಟೆಪಾಡು. ಆ ಕಸುಬಿನ ಮೊದಲ ಪಾಠ ಇದು: ಯಾರ ತಾರೀಖು ಅಲುಗಾಡುವುದಿಲ್ಲವೋ ಅವರಿಂದ ಯೋಜನೆ ಹೊರಡಬೇಕು, ಉಳಿದವರು ಅದರ ಸುತ್ತ ಹೊಂದಿಕೊಳ್ಳಬೇಕು. ಅದೇ ತಮ್ಮ ಆಫೀಸಿನಲ್ಲಿ ಇದನ್ನು ದಿನವೂ ಮಾಡುತ್ತಾನೆ. ಗಿರಾಕಿಯ ಆಡಿಟ್ ಇದ್ದರೆ ತನ್ನ ತಂಡದ ಆರು ಜನರ ರಜೆ ಮುಂದೂಡುತ್ತಾನೆ. ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿದರೆ ನಮಗೆ ಮೂರು ದಿನದ ರಜೆ ಸಿಗದೆ ಇರುವುದು ಅಪರೂಪ. ಅಡಿಕೆ ಮರಕ್ಕೆ ಅರ್ಜಿ ಹಾಕುವುದು ಎಲ್ಲಿ?

ಇನ್ನು ಆ ಮತದಾನ. 22 ಜನ ಹೊರಗಿದ್ದು ಐವರು ಊರಿನಲ್ಲಿರುವ ಮನೆತನದಲ್ಲಿ ಊರಿನ ಮನೆ ಯಾವ ಮತದಾನವನ್ನೂ ಎಂದೂ ಗೆಲ್ಲುವುದಿಲ್ಲ. ಪ್ರತಿ ವರ್ಷ ಸೋಲುವವರು ಒಬ್ಬರೇ ಆದರೆ ಆ ಮತದಾನದಿಂದ ಯಾವ ನ್ಯಾಯವೂ ತೀರ್ಮಾನವಾಗುವುದಿಲ್ಲ, ನಮ್ಮ ಸಂಖ್ಯೆಯ ಪ್ರದರ್ಶನ ಮಾತ್ರ ಆಗುತ್ತದೆ. ಇಷ್ಟಕ್ಕೂ ಮನೆಯಲ್ಲಿ ಮದುವೆಯ ದಿನ ಇಡುವಾಗ ಯಾರೂ ಕೈ ಎತ್ತಿಸುವುದಿಲ್ಲ. ಬರಲೇಬೇಕಾದವರಿಗೆ ಆಗುತ್ತದೆಯೇ ಎಂದು ಮೊದಲು ಕೇಳುತ್ತಾರೆ.

ಈಗ ದುಡ್ಡು. ತಲೆಗೆ ಸಮಪಾಲು ಎಂದಾಗ ನ್ಯಾಯವಾಗಿಯೇ ಕೇಳುತ್ತದೆ. ಅಣ್ಣನ ಮನೆಯ ಐವರಿಗೆ 72,500 ರೂಪಾಯಿ ಆಗುತ್ತದೆ. ನಮ್ಮಲ್ಲಿ ಕೆಲವರಿಗೆ ಅದು ಒಂದು ತಿಂಗಳ ಫ್ಲ್ಯಾಟಿನ ಕಂತು, ಮುಂದಿನ ತಿಂಗಳು ಮತ್ತೆ ಸಂಬಳ ಬರುತ್ತದೆ. ಅಣ್ಣನಿಗೆ ಆದಾಯ ಬರುವುದು ವರ್ಷಕ್ಕೊಮ್ಮೆ. ಅದರಲ್ಲಿ ಸೊಸೈಟಿಯ ಸಾಲ, ಗೊಬ್ಬರ, ಆಳುಗಳ ಕೂಲಿ, ಮಗಳ ಕಾಲೇಜು ಎಲ್ಲ ತೀರಬೇಕು. ಆದರೆ ಅವನು ದುಡ್ಡಿಲ್ಲ ಎಂದು ಯಾವತ್ತೂ ಹೇಳುವುದಿಲ್ಲ. ಕೊನೆಕೊಯ್ಲು ಎನ್ನುತ್ತಾನೆ, ಕರು ಹಾಕಿದ ಎಮ್ಮೆ ಎನ್ನುತ್ತಾನೆ, ದೊಡ್ಡಾಯಿಯ ಮೊಣಕಾಲು ಎನ್ನುತ್ತಾನೆ. ಎಲ್ಲವೂ ನಿಜವೇ. ಅವುಗಳ ಹಿಂದೆ ನಿಂತ ಇನ್ನೊಂದು ನಿಜವನ್ನು ಬಾಯಿಬಿಟ್ಟು ಹೇಳದೆ ಮಾನ ಕಾಪಾಡಿಕೊಳ್ಳುತ್ತಾನೆ, ಅಷ್ಟೇ.

"ಅವನ ಪಾಲು ನಾವು ಕೊಟ್ಟರೆ ಅವನಿಗೆ ಅವಮಾನ" ಎನ್ನುವುದು ಎದುರು ವಾದ. ಈ ವಾದ ಹೂಡುವವರು ಒಂದು ಲೆಕ್ಕಕ್ಕೆ ಉತ್ತರಿಸಲಿ. ಖರ್ಚು ಹಂಚುವ ಆ್ಯಪಿನಲ್ಲಿ ಕಾಫಿಯ ಬಿಲ್ಲನ್ನೂ ಬರೆಯುತ್ತೇವಲ್ಲ, ಅಣ್ಣನ ಇಪ್ಪತ್ತೆರಡು ವರ್ಷಗಳನ್ನು ಯಾರು ಬರೆದಿದ್ದಾರೆ? ದೊಡ್ಡಪ್ಪನನ್ನು ಕೊನೆಯ ಎರಡು ವರ್ಷ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಡಿಸಿದವರು ಯಾರು? ಅಜ್ಜನ ತಿಥಿಯನ್ನು ಒಂದು ವರ್ಷವೂ ತಪ್ಪಿಸದವರು ಯಾರು? ಪ್ರತಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದವರು, ಪಹಣಿ ತಿದ್ದುಪಡಿಗೆ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದವರು? ನಮ್ಮ ಮಕ್ಕಳಿಗೆ "ಇದು ನಮ್ಮೂರು" ಎಂದು ತೋರಿಸಲು ಒಂದು ಬಾಗಿಲು ತೆರೆದೇ ಇದೆಯಲ್ಲ, ಅದನ್ನು ತೆರೆದಿಟ್ಟವರು? ಆ ಖಾತೆಯಲ್ಲಿ ಸಾಲಗಾರರು ಏಳು ಮನೆಯವರು. ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ನನ್ನ ಗದ್ದೆಯಲ್ಲಿ ನೀನು ದುಡಿದರೆ ನಿನ್ನ ಗದ್ದೆಗೆ ನಾನು ಬಂದು ದುಡಿಯುವುದು. ಹಾಗೆ ಬಂದು ದುಡಿದದ್ದನ್ನು ಯಾರೂ ಧರ್ಮ ಮಾಡಿದ್ದು ಎನ್ನುತ್ತಿರಲಿಲ್ಲ, ಅದರಿಂದ ಯಾರಿಗೂ ಅವಮಾನವಾಗುತ್ತಿರಲಿಲ್ಲ. ಮುಯ್ಯಿ ತೀರಿಸುವುದನ್ನೇ ಉಪಕಾರ ಎಂದು ಕರೆದಾಗ ಮಾತ್ರ ಅವಮಾನ.

ಅಂಕಿಯಲ್ಲೇ ಹೇಳುತ್ತೇನೆ. 72,500ನ್ನು ಏಳು ಮನೆಗೆ ಹಂಚಿದರೆ ಮನೆಗೆ 10,357 ರೂಪಾಯಿ. ಹೊರಗಿನ ಪ್ರತಿ ಮನೆ ತಿಂಗಳಿಗೆ ಒಂದು ಸಾವಿರ ತೆಗೆದಿಟ್ಟರೆ ವರ್ಷಕ್ಕೆ 84,000 ಆಗುತ್ತದೆ, ಅಣ್ಣನ ಮನೆಯ ಪಾಲು ತೀರಿ ಮಿಗುತ್ತದೆ. ಅದನ್ನು ಮನೆತನದ ನಿಧಿ ಎಂದು ಕರೆಯಿರಿ. ಕೋಣೆ, ಊಟ ಎಲ್ಲದರ ಮುಂಗಡ ಆ ನಿಧಿಯಿಂದಲೇ ಹೋಗಲಿ. ಯಾರು ಎಷ್ಟು ಹಾಕಿದರು ಎಂಬ ಪಟ್ಟಿ ಗುಂಪಿನಲ್ಲಿ ಬರುವುದು ಬೇಡ. ಕರೆಯುವವನು ಅಣ್ಣನೇ ಆಗಲಿ, ಹಿರಿಯ ಮನೆಯ ಯಜಮಾನ ಅವನು. ಅವನು ದಿನ ಹೇಳಲಿ, ಅವನ ಹೆಸರಿನಲ್ಲಿ ಕರೆ ಹೋಗಲಿ. ಆಗ ಅವನು ನಮ್ಮ ಖರ್ಚಿನಲ್ಲಿ ಬಂದ ಅತಿಥಿ ಆಗುವುದಿಲ್ಲ, ನಾವು ಅವನ ಕರೆಗೆ ಬಂದವರಾಗುತ್ತೇವೆ.

ಇಷ್ಟು ಓದಿ ಕೆಲವರು ಕೇಳಬಹುದು: ಹಾಗಾದರೆ ಮೂಲಮನೆಯಲ್ಲೇ ಸೇರಿದರಾಯಿತಲ್ಲ, ಕಡಲು ಯಾಕೆ? ಜಗಳದಲ್ಲಿ ನನ್ನ ಪರ ನಿಂತವರೂ ಇದನ್ನೇ ಹೇಳಿದರು. ಅವರ ಜೊತೆಗೂ ನನಗೆ ಜಗಳವೇ. ಮೂಲಮನೆಯಲ್ಲಿ 27 ಜನ ಮೂರು ದಿನ ಸೇರುವುದೆಂದರೆ ಅತ್ತಿಗೆ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ತೊಳೆಯುವುದು. ಜಗಲಿಯಲ್ಲಿ ಇಸ್ಪೀಟು ನಡೆಯುತ್ತದೆ, ಮಕ್ಕಳು ಹೊಳೆಗೆ ಹೋಗುತ್ತಾರೆ, ನಾಲ್ಕು ಸಲ ಚಹಾ ಆಗುತ್ತದೆ. ಊರಿನ ಮನೆಯ ಸೊಗಸು ಎಂದು ಇಲ್ಲಿ ಬಂದು ನಾವು ಬರೆಯುವ ಲೇಖನಗಳಲ್ಲಿ ಆ ತೊಡದೇವು, ಆ ಅಪ್ಪೆಹುಳಿ ಬರುತ್ತವೆ. ತೊಡದೇವು ಎರೆದವಳು ಕುಳಿತು ಊಟ ಮಾಡಿದ್ದು ಎಷ್ಟು ಹೊತ್ತಿಗೆ ಎಂಬುದು ಬರುವುದಿಲ್ಲ. ಆದ್ದರಿಂದ ಕಡಲ ತಡಿಯೇ ಸರಿ. ಬೇರೆ ಯಾರೋ ಬೇಯಿಸಿದ್ದನ್ನು ಅತ್ತಿಗೆ ಮೂರು ಹೊತ್ತು ಕುಳಿತು ಉಣ್ಣಲಿ. "ಬರುವಾಗ ಅಪ್ಪೆಮಿಡಿ ಒಂದು ಭರಣಿ, ಹಲಸಿನ ಹಪ್ಪಳ ಒಂದು ಕಟ್ಟು" ಎಂದು ಅವಳಿಗೆ ಪಟ್ಟಿ ಕಳಿಸುವವರು ದಯವಿಟ್ಟು ಸುಮ್ಮನಿರಲಿ.

ಹಾಗಾದರೆ ಎಲ್ಲಿ, ಯಾವಾಗ? ಊರಿನವರಿಂದ ಎಣಿಸುತ್ತ ಬಂದರೆ ಉತ್ತರ ತಾನಾಗಿ ಸಿಗುತ್ತದೆ. ನವೆಂಬರಿನಿಂದ ಜನವರಿ ಕೊಯ್ಲು. ದೀಪಾವಳಿ ನಮ್ಮ ಕಡೆ ದೊಡ್ಡಹಬ್ಬ, ಗೋಪೂಜೆಯ ದಿನ ಕೊಟ್ಟಿಗೆ ಬಿಟ್ಟು ಯಾರೂ ಹೊರಡುವುದಿಲ್ಲ. ಮಳೆಗಾಲದಲ್ಲಿ ಕೋಣೆ ಅಗ್ಗ ಎಂದು ಆಸೆ ಹುಟ್ಟುತ್ತದೆ, ಅದು ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಸತ್ತದ್ದನ್ನು ಮರೆಯುವ ಹಾಗಿಲ್ಲ. ಫೆಬ್ರವರಿ, ಮಾರ್ಚ್ ಮಕ್ಕಳ ಪರೀಕ್ಷೆ. ಉಳಿಯುವುದು ಏಪ್ರಿಲ್ ಕೊನೆಯ ಭಾಗ. ಕೊಯ್ಲು ಮುಗಿದಿರುತ್ತದೆ, ಮದ್ದು ಹೊಡೆಯುವ ಕಾಲ ಇನ್ನೂ ಬಂದಿರುವುದಿಲ್ಲ, ಶಾಲೆಗಳಿಗೆ ರಜೆ ಶುರುವಾಗಿರುತ್ತದೆ, ಕೋಣೆಯ ದರವೂ ಡಿಸೆಂಬರಿನಷ್ಟು ಇರುವುದಿಲ್ಲ. ಸೆಕೆ ಇದೆ, ನಿಜ. ಬೆಳಿಗ್ಗೆ, ಸಂಜೆ ಮರಳಿಗೆ ಇಳಿದು, ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗಿದರೆ ಆಯಿತು.

ಜಾಗ ಗೋವಾ ಯಾಕೆ? ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಸುಮಾರು 60 ಕಿಲೋಮೀಟರಿಗೆ ಕುಮಟಾ. ತೋಟಕ್ಕೆ ನೀರು ಬಿಡಬೇಕೆಂದರೆ ಅಣ್ಣ ಒಂದು ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರಬಹುದು. ಮುಂಬೈಯವರಿಗೆ ಕೊಂಕಣ ರೈಲ್ವೆ ಕುಮಟಾವರೆಗೆ ಇದೆ. ಬೆಂಗಳೂರಿನವರಿಗೆ ಕಾರವಾರಕ್ಕೆ ಹೋಗುವ ಪಂಚಗಂಗಾ ರಾತ್ರಿ ರೈಲಿದೆ. ಪುಣೆ, ಹೈದರಾಬಾದಿನವರು ಹುಬ್ಬಳ್ಳಿಗೆ ಬಂದರೆ ಮುಂದೆ ರಸ್ತೆ. ಟಿಕೇಟು 60 ದಿನ ಮೊದಲಷ್ಟೇ ಸಿಗುವುದು, ಆದ್ದರಿಂದ ದಿನ ಅದಕ್ಕೂ ಮೊದಲೇ ಗೊತ್ತಾಗಬೇಕು. ಗೋಕರ್ಣದ ಓಂ ಬೀಚು ಚೆಲುವಾಗಿದೆ, ಆದರೆ ಮೆಟ್ಟಿಲಿಳಿದು ಹೋಗಬೇಕು. ದೊಡ್ಡಾಯಿ ಮೇಲೆ ಕಾರಿನಲ್ಲಿ ಕೂತಿರಲಿ ಎಂದಾದರೆ ಯಾರ ಸಮ್ಮಿಲನ ಅದು? ಹೊನ್ನಾವರದ ಕಾಸರಕೋಡಿನದು ಸಮತಟ್ಟಾದ ತೀರ. ಶುಚಿತ್ವ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಅದಕ್ಕೆ ಸಿಕ್ಕಿದೆ. ನೆಲಮಾಳಿಗೆಯ ಕೋಣೆ ಬೇಡ, ಮೊದಲ ಮಹಡಿಯದೂ ಬೇಡ, ಅಂಗಳದ ಮಟ್ಟದ ಕೋಣೆ, ಕುರ್ಚಿಯಂತೆ ಕೂರುವ ಕಮೋಡು, ಈರುಳ್ಳಿ ಬೆಳ್ಳುಳ್ಳಿ ಹಾಕದ ಒಂದು ಸಾರು. ಇವನ್ನು ಈಜುಕೊಳ ಇದೆಯೇ ಎಂದು ಕೇಳುವ ಮೊದಲು ಕೇಳಬೇಕು. ಮತ್ತು ಸಮುದ್ರವನ್ನು ಯಾವ ತಿಂಗಳಲ್ಲೂ ನಂಬಬಾರದು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಮಕ್ಕಳು ನೀರಿಗಿಳಿದಾಗ ಫೋನು ಒಳಗಿಟ್ಟು ದಡದಲ್ಲಿ ನಿಲ್ಲುವ ಇಬ್ಬರು ದೊಡ್ಡವರ ಹೆಸರು ಪಟ್ಟಿಯಲ್ಲಿ ಮೊದಲೇ ಇರಲಿ.

ನಿಮ್ಮದು ಅಡಿಕೆ ಸೀಮೆ ಆಗಿರಬೇಕೆಂದಿಲ್ಲ. ಕಲಬುರಗಿ ಕಡೆಯವರಾದರೆ ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಇರುತ್ತದೆ. ಬೆಳಗಾವಿಯವರಾದರೆ ಕಬ್ಬು ಕಡಿಯುವ ತಂಡದ ಸರದಿಗೆ ಮನೆಯವರು ಕಾಯುತ್ತಿರುತ್ತಾರೆ. ಊರಿನಲ್ಲಿ ನಿಂತವರು ಕಿರಾಣಿ ಅಂಗಡಿಯವರೂ ಆಗಿರಬಹುದು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮದುವೆಯಾಗದ ಅಕ್ಕನೂ ಆಗಿರಬಹುದು. ಪ್ರತಿ ಮನೆತನದಲ್ಲಿ ಕದಲಲಾಗದ ಒಬ್ಬರಿದ್ದಾರೆ. ಉಳಿದವರೆಲ್ಲ ಕದಲಿ ಹೋಗಿ ನೆಲೆ ಕಂಡದ್ದು ಅವರು ಅಲ್ಲಿ ನಿಂತದ್ದರಿಂದ.

ಹಾಗಾಗಿ ಈ ವರ್ಷ ಗುಂಪಿನಲ್ಲಿ ಮತದಾನದ ಪಟ್ಟಿ ಹಾಕುವ ಮೊದಲು, ರೆಸಾರ್ಟಿನ ಚಿತ್ರಗಳನ್ನು ಹಂಚುವ ಮೊದಲು, ಊರಿಗೆ ಒಂದು ಫೋನು ಮಾಡಿ. ಸಂದೇಶ ಬೇಡ, ಮಾತಾಡಿ. "ಅಣ್ಣಾ, ನಿಂಗೆ ಯಾವಾಗ ಆಗ್ತು?" ಎಂದು ಕೇಳಿ. ಅವನು "ನಂದೇನಿಲ್ಲೆ, ನೀವು ನೋಡಿ" ಎನ್ನುತ್ತಾನೆ. ಆಗ ಇನ್ನೊಮ್ಮೆ ಕೇಳಿ. ತಾರೀಖು ಸಿಕ್ಕ ಮೇಲೆ ಉಳಿದ 22 ಜನರ ರಜೆ ಹೊಂದಿಸುವುದು ದೊಡ್ಡ ಕೆಲಸವಲ್ಲ. ಅದನ್ನು ನಾನು ಮಾಡಿಕೊಡುತ್ತೇನೆ, ನನ್ನ ಕಸುಬೇ ಅದು.