ಹಿಟ್ಟಿನ ಕೋಳಿಯ ಪಾಪ

ನೌಕರಿಯೆಂಬುದು ಇಂದು ಮಧ್ಯಮ ವರ್ಗದ ಸಂಸಾರಗಳಲ್ಲಿ ಮದುವೆಗಿಂತಲೂ ದೊಡ್ಡ ಶುಭಕಾರ್ಯವಾಗಿದೆ. ಮದುವೆಗೆ ಜಾತಕ ನೋಡುವಂತೆ ನೌಕರಿಗೂ ಜಾತಕ ನೋಡುವ ಕ್ರಮವುಂಟು. ಪರೀಕ್ಷೆ ಮುಗಿದು, ಸಂದರ್ಶನ ಮುಗಿದು, ಆಯ್ಕೆಯ ಪತ್ರ ಕೈಸೇರಿ, ನೆರೆಹೊರೆಯವರಿಗೆ ಸಿಹಿ ಹಂಚಿಯೂ ಆದ ಮೇಲೆ ಮೆಲ್ಲನೆ ಒಂದು ಫಾರಂ ಬರುತ್ತದೆ. ಅಟೆಸ್ಟೇಶನ್ ಫಾರಂ ಎಂದು ಅದರ ಹೆಸರು. ನೀವು ಎಂದಾದರೂ ಬಂಧಿತರಾಗಿದ್ದಿರಾ? ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿತ್ತೆ? ನ್ಯಾಯಾಲಯವು ನಿಮಗೆ ದಂಡ ವಿಧಿಸಿತ್ತೆ? ಯಾವುದಾದರೂ ವಿಶ್ವವಿದ್ಯಾನಿಲಯವು ನಿಮ್ಮನ್ನು ಪರೀಕ್ಷೆಗೆ ಕೂಡದಂತೆ ತಡೆದಿತ್ತೆ? ಪ್ರತಿಯೊಂದಕ್ಕೂ ಎರಡೇ ಉತ್ತರ: ಹೌದು, ಇಲ್ಲ. ನೂರರಲ್ಲಿ ತೊಂಬತ್ತು ಮಂದಿ ಯೋಚಿಸದೆ 'ಇಲ್ಲ' ಎಂದು ಬರೆದು ಮುಂದೆ ಸಾಗುತ್ತಾರೆ. ಕೆಲವರ ಲೇಖನಿ ಮಾತ್ರ ಅಲ್ಲಿ ತಡೆದು ನಿಲ್ಲುತ್ತದೆ. ಈ ವಾರದ ಮಾತು ಅಂಥವರನ್ನು ಕುರಿತದ್ದು.

ನಾನಿರುವ ಕಡಿಯಾಳಿ ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿದೆ. ಒಂದೆಡೆ ಮಹಿಷಮರ್ದಿನಿಯ ಸನ್ನಿಧಿ. ಇನ್ನೊಂದೆಡೆ ಬೆಳಗಿನಿಂದ ರಾತ್ರಿಯವರೆಗೆ ವಿದ್ಯಾರ್ಥಿಗಳನ್ನು ತುಂಬಿಕೊಂಡು ಓಡುವ ಬಸ್ಸುಗಳು. ಇಲ್ಲಿ ಅಂಗಡಿಯಿಟ್ಟುಕೊಂಡಿರುವ ಗೃಹಸ್ಥರೊಬ್ಬರು ಮಗನ ಫಾರಮ್ಮನ್ನು ಹಿಡಿದು ಒಂದು ಸಂಜೆ ನನ್ನಲ್ಲಿಗೆ ಬಂದರು. ಮಗ ಪದವಿಗೆ ಓದುತ್ತಿದ್ದಾಗ ಗೆಳೆಯರೊಡನೆ ಕಾಪುವಿನ ಕಡೆ ಕೋಳಿ ಅಂಕ ನೋಡಲು ಹೋಗಿದ್ದನಂತೆ. ಪೋಲೀಸರು ಬಂದರು. ಓಡಬಲ್ಲವರು ಓಡಿದರು, ಓಡಲು ತಿಳಿಯದ ಹುಡುಗ ಸಿಕ್ಕಿಬಿದ್ದ.

"ಕೋಳಿಯೂ ಅವನದ್ದಲ್ಲ, ಕಾಲಿಗೆ ಕಟ್ಟುವ ಬಾಳೂ ಅವನದ್ದಲ್ಲ ಮಾಷ್ಟ್ರೇ. ನೋಡಲಿಕ್ಕೆ ಹೋದದ್ದು ಅಷ್ಟೆ. ಕೋರ್ಟಿಗೆ ಅಲೆಯುವುದು ಬೇಡ ಅಂತ ತಪ್ಪೊಪ್ಪಿ ದಂಡ ಕಟ್ಟಿ ಬಂದೆವು. ಕೇಸು ಮುಗಿಯಿತಲ್ಲ, ಇಲ್ಲಿ 'ಇಲ್ಲ' ಅಂತ ಬರೆದರೆ ಸಾಕಲ್ಲ?"

"ಸಾಲದು ರಾಯರೇ" ಎಂದೆ.

"ಹಾಗಾದರೆ ಅದನ್ನು ಅಳಿಸಿಬಿಡಲಿಕ್ಕೆ ಏನಾದರೂ ದಾರಿ ಉಂಟಾ?"

ಈ ಪ್ರಶ್ನೆ ಅವರೊಬ್ಬರದಲ್ಲ. ಆದುದರಿಂದ ಕಾನೂನು ಬಲ್ಲ ಮಿತ್ರರನ್ನು ಕೇಳಿ, ತೀರ್ಪುಗಳನ್ನು ಓದಿ ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ತಿಳಿಯಬೇಕಾದುದು, ದಂಡ ಕಟ್ಟುವುದು ಬೇರೆ, ದೋಷಮುಕ್ತನಾಗುವುದು ಬೇರೆ ಎಂಬುದು. ಪ್ರಾಣಿಗಳನ್ನು ಹಿಂಸಿಸುವುದನ್ನು ತಡೆಯುವ 1960ರ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಹೇಳಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಂದು ಊಟದ ಬೆಲೆಯೂ ಅಲ್ಲ. ಆದರೆ ತಪ್ಪೊಪ್ಪಿಕೊಂಡು ಆ ಹಣ ಕಟ್ಟಿದವನು ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯೆಂದು ತೀರ್ಮಾನಿಸಲ್ಪಟ್ಟವನು. ಜೂಜಿನ ಮೊಕದ್ದಮೆಯಲ್ಲಿ ದಂಡ ಕಟ್ಟಿ ಬಂದವನ ಪಾಡೂ ಇದೇ. 'ಒಂದು ದಿನದ ಕೆಲಸ, ಮುಗಿಸಿ ಬಾ' ಎನ್ನುವ ಹಿರಿಯರು ಹುಡುಗನಿಗೆ ನಾಲ್ಕು ದಿನಗಳ ಅಲೆದಾಟವನ್ನು ತಪ್ಪಿಸಿ, ಹತ್ತು ವರ್ಷಗಳ ಚಿಂತೆಯನ್ನು ಹೊರಿಸಿರುತ್ತಾರೆ. ತಪ್ಪು ಮಾಡದವನು ನ್ಯಾಯಾಲಯದಲ್ಲಿ ನಿಂತು ಬಿಡುಗಡೆ ಪಡೆಯುವುದೇ ಮೇಲು. ರಾಜಿಗೆ ಅವಕಾಶವಿರುವ ಸಣ್ಣ ಹೊಡೆದಾಟದಂಥ ಮೊಕದ್ದಮೆಗಳಲ್ಲಿ ಕ್ರಮವಾಗಿ ರಾಜಿಯಾದರೆ, ಅದಕ್ಕೂ ಬಿಡುಗಡೆಯ ಫಲವೇ ಉಂಟು.

ಇನ್ನು ಅಳಿಸುವ ಮಾತು. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ನಿಜಕ್ಕೂ ತಾಯಿಯಂತೆ ವರ್ತಿಸುತ್ತದೆ. 2015ರ ಬಾಲನ್ಯಾಯ ಕಾಯಿದೆಯ 24ನೆಯ ಕಲಮಿನಂತೆ, ಆ ಕಾಯಿದೆಯ ಕ್ರಮದಲ್ಲಿ ವಿಚಾರಣೆಯಾದ ಮಗುವಿಗೆ ಆ ತಪ್ಪಿನಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ. ಮೇಲ್ಮನವಿಯ ಕಾಲ ಕಳೆದ ಬಳಿಕ ನಿಯಮಾನುಸಾರ ಕಡತವನ್ನೇ ನಾಶಪಡಿಸಬೇಕು. ಹದಿನಾರು ದಾಟಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೆ ಒಳಗಾದವರು ಮಾತ್ರ ಇದಕ್ಕೆ ಹೊರತು. ಬಾಲ್ಯದಲ್ಲಿ ಮೊಕದ್ದಮೆಗೆ ಸಿಲುಕಿದ್ದನೆಂಬ ಕಾರಣದಿಂದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ನೌಕರಿ ತಪ್ಪಿದ ತರುಣನೊಬ್ಬನ ಪರವಾಗಿ ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿತು.

ವಯಸ್ಕರಿಗೆ ಇಷ್ಟು ಔದಾರ್ಯವಿಲ್ಲ. 1958ರಷ್ಟು ಹಿಂದೆಯೇ ಬಂದ ಪ್ರೊಬೇಷನ್ ಕಾಯಿದೆಯಲ್ಲಿ ಸಣ್ಣ ತಪ್ಪಿತಸ್ಥನನ್ನು ಎಚ್ಚರಿಸಿಯೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಟ್ಟುಬಿಡುವ ಅವಕಾಶವುಂಟು. ಹಾಗೆ ಬಿಡಲ್ಪಟ್ಟವನಿಗೆ ಶಿಕ್ಷೆಯ ಜೊತೆಗೆ ಬರುವ ಅನರ್ಹತೆ ತಗಲದೆಂದು ಅದರ 12ನೆಯ ಕಲಮು ಹೇಳುತ್ತದೆ. ಆದರೆ ಅನರ್ಹತೆ ಹೋದರೂ ಅಪರಾಧಿಯೆಂಬ ತೀರ್ಮಾನ ಹೋಗದೆಂದು ಸುಪ್ರೀಂ ಕೋರ್ಟು 1990ರಲ್ಲಿ ವಿವರಿಸಿದೆ. ಮೊಕದ್ದಮೆಗೆ ಬುಡವೇ ಇಲ್ಲದಿದ್ದರೆ, ಅಥವಾ ಇತ್ತಂಡಗಳೂ ಒಪ್ಪಿ ಜಗಳ ಮುಗಿದಿದ್ದರೆ, ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ಹೋಗಿ ರದ್ದುಪಡಿಸುವಂತೆ ಬೇಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇದು 528ನೆಯ ಕಲಮು. ಬಂಧಿತರ ಬೆರಳಚ್ಚು ಮೊದಲಾದುವನ್ನು 75 ವರ್ಷ ಇಟ್ಟುಕೊಳ್ಳಬಹುದೆಂದು 2022ರ ಕಾಯಿದೆಯೊಂದು ವಿಧಿಸಿದೆ. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ, ನ್ಯಾಯಾಲಯವು ಬೇರೆ ರೀತಿ ಆಜ್ಞಾಪಿಸದಿದ್ದಲ್ಲಿ, ಅವನ್ನು ನಾಶಪಡಿಸಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಕೇಳದಿದ್ದರೆ ಕಪಾಟು ತಾನಾಗಿ ಬರಿದಾಗುವುದಿಲ್ಲ. ಬಿಡುಗಡೆಯ ತೀರ್ಪಿನ ದೃಢೀಕೃತ ಪ್ರತಿಯನ್ನು ಪಡೆದು ಮನೆಯ ಪತ್ರಗಳ ಜೊತೆ ಜೋಪಾನವಾಗಿ ಇಡುವುದು ಜಾಣತನ.

ಇಂಗ್ಲೆಂಡಿನಲ್ಲಿ 1974ರ ಕಾಯಿದೆಯೊಂದಿದೆ. ಸಣ್ಣ ಶಿಕ್ಷೆಗೊಳಗಾದವನು ಗೊತ್ತುಪಡಿಸಿದ ಕಾಲವನ್ನು ಮತ್ತೆ ತಪ್ಪಿಲ್ಲದೆ ಕಳೆದರೆ ಆ ಶಿಕ್ಷೆ ಸಂದುಹೋದದ್ದೆಂದು ಲೆಕ್ಕ. ಕೆಲವು ವಿಶೇಷ ಹುದ್ದೆಗಳನ್ನು ಬಿಟ್ಟರೆ ಅದನ್ನು ಹೇಳಬೇಕಾದುದೂ ಇಲ್ಲ. ವಯಸ್ಕರ ಸಣ್ಣ ತಪ್ಪುಗಳಿಗೆಲ್ಲ ಅನ್ವಯಿಸುವ ಅಂಥ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಆದಕಾರಣ ನಮ್ಮ ತರುಣನ ಮುಂದಿರುವ ನಿಜವಾದ ಪ್ರಶ್ನೆ ಅಳಿಸುವುದು ಹೇಗೆಂಬುದಲ್ಲ. ಹೇಳುವುದೋ ಮುಚ್ಚಿಡುವುದೋ ಎಂಬುದು.

ಇಲ್ಲಿ ಎರಡು ತೀರ್ಪುಗಳು ದಾರಿ ತೋರುತ್ತವೆ. ದಿಲ್ಲಿಯ ತರುಣನೊಬ್ಬ 1999ರಲ್ಲಿ ಅಲ್ಲಿನ ಪೋಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದ. ಇಪ್ಪತ್ತರ ಆಸುಪಾಸಿನಲ್ಲಿ ನಡೆದ ಹೊಡೆದಾಟದ ಮೊಕದ್ದಮೆಯೊಂದು ರಾಜಿಯಾಗಿ, 1998ರಲ್ಲಿ ಖುಲಾಸೆಯೂ ಆಗಿತ್ತು. ಆದರೂ ಅರ್ಜಿಯಲ್ಲಿ 'ಇಲ್ಲ' ಎಂದು ಬರೆದ. ಆಯ್ಕೆಯಾದ ಮೇಲೆ ಅಟೆಸ್ಟೇಶನ್ ಫಾರಮ್ಮಿನಲ್ಲಿ ತಾನೇ ನಿಜ ಹೇಳಿದ. ಮೊದಲು ಮುಚ್ಚಿಟ್ಟನೆಂಬ ಕಾರಣದಿಂದ ಆಯ್ಕೆ ರದ್ದಾಯಿತು. ಸುಪ್ರೀಂ ಕೋರ್ಟು 2011ರಲ್ಲಿ ಅವನ ಪರವಾಗಿ ತೀರ್ಪಿತ್ತಿತು. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ವಿಕ್ಟರ್ ಹ್ಯೂಗೋವಿನ ಕಾದಂಬರಿಯ ಜೀನ್ ವಾಲ್‌ಜೀನನನ್ನು, ಎಂದರೆ ಹಸಿದ ಸಂಸಾರಕ್ಕಾಗಿ ರೊಟ್ಟಿ ಕದ್ದು ಜೀವಮಾನವೆಲ್ಲ ಕಳ್ಳನೆನಿಸಿಕೊಂಡವನನ್ನು, ನೆನೆದರು. ತಾರುಣ್ಯದ ಅವಿವೇಕವನ್ನು ತಿದ್ದಬೇಕೇ ಹೊರತು ಹಣೆಗೆ ಬರೆ ಹಾಕಬಾರದೆಂಬುದು ಅವರ ಅಭಿಪ್ರಾಯದ ಸಾರ. ತೀರ್ಪು ಚೆನ್ನಾಗಿದೆ. ಆದರೆ 1999ರಿಂದ 2011: ಹನ್ನೆರಡು ವರ್ಷ! ಒಂದು 'ಇಲ್ಲ' ಎಂಬ ಮಾತಿಗೆ ತೆತ್ತ ಬೆಲೆ ಅದು.

ಎರಡನೆಯದು 2016ರಲ್ಲಿ ಅವತಾರ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳು ಕೊಟ್ಟ ತೀರ್ಪು. ಉಮೇದುವಾರನು ಕೊಡುವ ಮಾಹಿತಿ ನಿಜವಾಗಿರಬೇಕು. ಬಂಧನವಾಗಲಿ ಮೊಕದ್ದಮೆಯಾಗಲಿ ಮುಚ್ಚಿಡಕೂಡದು. ಎಳೆಯ ಪ್ರಾಯದಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ತಪ್ಪಾದರೆ ನೌಕರಿ ಕೊಡುವವರು ವಿವೇಚಿಸಿ ಮನ್ನಿಸಬಹುದು. ಸ್ಪಷ್ಟವಾಗಿ ಕೇಳಿದ ವಿಷಯವನ್ನು ಮಾತ್ರ ಹೇಳಬೇಕಾದುದು ಕರ್ತವ್ಯ. ನಿಜ ಹೇಳಿದವನಿಗೂ ಹುದ್ದೆ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಅವನ ಪೂರ್ವಚರಿತ್ರೆಯನ್ನು ತೂಗಿ ನೋಡಬೇಕು. ಸಣ್ಣ ತಪ್ಪನ್ನು ಕಾನೂನು ತೂಗುತ್ತದೆ. ಸುಳ್ಳು ಸೇರಿದೊಡನೆ ತಕ್ಕಡಿಯ ಇನ್ನೊಂದು ತಟ್ಟೆ ಭಾರವಾಗುತ್ತದೆ. ಕಡಿಯಾಳಿಯ ಗೃಹಸ್ಥರಿಗೆ ನಾನು ಹೇಳಿದುದೂ ಇಷ್ಟೇ: 'ಹೌದು' ಎಂದು ಬರೆಯಲಿ, ದಿನಾಂಕ, ನ್ಯಾಯಾಲಯ, ಕಟ್ಟಿದ ದಂಡ ಎಲ್ಲವನ್ನೂ ನಮೂದಿಸಿ, ತೀರ್ಪಿನ ಪ್ರತಿಯನ್ನು ಲಗತ್ತಿಸಲಿ.

ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಪರದೇಶದ ಕನಸುಂಟು. ಪಾಸ್‌ಪೋರ್ಟಿನ ವಿಷಯದಲ್ಲಿ ಅನಾವಶ್ಯಕ ಭಯ ಬೇಡ. 1967ರ ಕಾಯಿದೆಯಂತೆ, ಹಿಂದಿನ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕಾಗಿ ಎರಡು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸ ವಿಧಿಸಲ್ಪಟ್ಟಿದ್ದರೆ ಅದು ಅಡ್ಡಿ. ಐವತ್ತು ರೂಪಾಯಿಯ ದಂಡ ಅಡ್ಡಿಯಲ್ಲ. ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುತ್ತಿರುವಾಗಲೂ ಆ ನ್ಯಾಯಾಲಯದ ಅನುಮತಿ ಪಡೆದರೆ ಪಾಸ್‌ಪೋರ್ಟು ದೊರೆಯುವುದುಂಟು. ಅಮೆರಿಕದ ವೀಸಾ ಅರ್ಜಿಯಾದರೋ ಕ್ಷಮಾದಾನ ದೊರೆತಿದ್ದರೂ ಬಂಧನವಾಗಿತ್ತೇ ಎಂದು ಬಿಡದೆ ಕೇಳುತ್ತದೆ. ಇಲ್ಲಿ ಅಳಿಸಿದ್ದು ಅಲ್ಲಿ ಅಳಿಸಿಹೋಗದು.

ವಿದ್ಯಾಭ್ಯಾಸದಲ್ಲಿ ಈ ಬಗೆಯ ಪ್ರಶ್ನೆಗಳು ಅಷ್ಟು ಕಠಿಣವಲ್ಲ. ಆದರೆ ರ್‍ಯಾಗಿಂಗ್ ತಡೆಯಲು ಯು.ಜಿ.ಸಿ. 2009ರಲ್ಲಿ ಹೊರಡಿಸಿದ ನಿಯಮಗಳಂತೆ, ಪ್ರವೇಶ ಬಯಸುವ ವಿದ್ಯಾರ್ಥಿಯ ನಡತೆಯ ವಿವರ ಹಳೆಯ ಸಂಸ್ಥೆಯ ಪತ್ರಗಳ ಜೊತೆಗೇ ಬರಬೇಕು. ನಡತೆಪತ್ರಕ್ಕೆ ಸಹಿ ಮಾಡುವ ನಮ್ಮಂಥ ಅಧ್ಯಾಪಕರು ಕೈ ಬಿಗಿಹಿಡಿಯುವ ಮುನ್ನ, ಆ ಒಂದು ಸಂಜೆಯನ್ನಲ್ಲ, ಮೂರು ವರ್ಷಗಳ ಹುಡುಗನನ್ನು ನೆನೆಯಬೇಕು.

ಕಡತಕ್ಕಿಂತ ಗಟ್ಟಿಯಾದ ನೆನಪು ಇಂದು ಇಂಟರ್‌ನೆಟ್ಟಿನದು. ಪತ್ರಿಕೆಯ ಮೂಲೆಯ ಸುದ್ದಿ ಹಿಂದೆ ಮಾರನೆಯ ದಿನ ಕಡಲೆ ಕಟ್ಟುವ ಕಾಗದವಾಗುತ್ತಿತ್ತು. ಈಗ ಹೆಸರನ್ನು ಹುಡುಕಿದೊಡನೆ ಎದ್ದು ನಿಲ್ಲುತ್ತದೆ. 2017ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ತಂದೆಯೊಬ್ಬರ ಪ್ರಾರ್ಥನೆಯ ಮೇಲೆ, ಅವರ ಮಗಳ ಹೆಸರು ಅಂಥ ಹುಡುಕಾಟದಲ್ಲಿ ಕಾಣಿಸಿಕೊಳ್ಳದಂತೆ ನೋಡಿಕೊಳ್ಳಲು ಕಚೇರಿಗೆ ಆಜ್ಞಾಪಿಸಿತು. ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಇದ್ದೇ ಇರುತ್ತದೆಂದೂ ಹೇಳಿತು. ಬೀದಿಯ ನೆನಪನ್ನು ಒರೆಸಿ, ಕಡತದ ಸತ್ಯವನ್ನು ಉಳಿಸಿದ ಈ ವಿವೇಕ ನನಗೆ ಬಹಳ ಹಿಡಿಸಿತು.

ಠಾಣೆಯ ಮೆಟ್ಟಿಲು ಹತ್ತಿದವರೆಲ್ಲ ಕೆಟ್ಟವರೆಂಬ ಭಾವನೆಗೆ ನಮ್ಮ ಜಿಲ್ಲೆಯಲ್ಲಂತೂ ಎಡೆಯಿರಬಾರದು. ಮಂಗಳೂರಿನ ಕಾರ್ನಾಡು ಸದಾಶಿವ ರಾಯರು ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರು. ಇಂದು ಬೆಂಗಳೂರಿನ ಸದಾಶಿವನಗರ ಅವರ ಹೆಸರನ್ನು ಹೊತ್ತಿದೆ. 1972ರಲ್ಲಿ ಸ್ವಾತಂತ್ರ್ಯ ಯೋಧರಿಗೆ ಕೇಂದ್ರದ ಪಿಂಚಣಿ ಬಂದಾಗ, ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸವೇ ಅರ್ಹತೆಯಾಯಿತು. ಜೈಲಿನ ದಾಖಲೆಯೇ ಮಾನಪತ್ರವಾಯಿತು. ಕೋಳಿ ಅಂಕವನ್ನು ಸತ್ಯಾಗ್ರಹಕ್ಕೆ ಹೋಲಿಸುವ ದುಸ್ಸಾಹಸ ನನ್ನದಲ್ಲ. ಬಂಧನವೆಂಬ ಮಾತನ್ನು ಕೇಳಿದೊಡನೆ ತೀರ್ಪು ಕೊಡದೆ, ಏತಕ್ಕೆ, ಯಾವ ಪ್ರಾಯದಲ್ಲಿ, ಆಮೇಲೆ ಹೇಗೆ ಬಾಳಿದ ಎಂದು ಕೇಳುವ ತಾಳ್ಮೆ ಬೇಕೆನ್ನುವುದಷ್ಟೇ ನನ್ನ ಅರಿಕೆ. ನೌಕರಿ ಕೊಡುವವರಿಗೆ ಮಾತ್ರವಲ್ಲ, ಹೆಣ್ಣು ಕೊಡುವವರಿಗೂ ಈ ಮಾತು ಸಲ್ಲುತ್ತದೆ.

ನಮ್ಮ ಕವಿ ಜನ್ನನು 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ಯಶೋಧರನೂ ಅವನ ತಾಯಿಯೂ ಬಲಿಕೊಟ್ಟದ್ದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಆ ಪಾಪದ ಲೆಕ್ಕ ಜನ್ಮಜನ್ಮಾಂತರಕ್ಕೆ ಬೆನ್ನಟ್ಟಿತು. ಓದುವಾಗ, ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಮನಸ್ಸು ಮರುಗುತ್ತದೆ. ಕೊನೆಗೆ ಅವರು ಅಭಯರುಚಿ, ಅಭಯಮತಿ ಎಂಬ ಮಕ್ಕಳಾಗಿ ಹುಟ್ಟಿ, ಬಲಿಗೆಂದು ಮಾರಿದತ್ತ ರಾಜನ ಎದುರು ನಿಲ್ಲುತ್ತಾರೆ. ಕತ್ತಿ ತಲೆಯ ಮೇಲಿರುವಾಗ ಅಭಯರುಚಿ ಮಾಡುವುದೇನು? ತಮ್ಮ ಹಳೆಯ ಕಥೆಯನ್ನೆಲ್ಲ, ಒಂದನ್ನೂ ಮುಚ್ಚಿಡದೆ, ಹೇಳುತ್ತಾನೆ. ಕೇಳಿದ ರಾಜನ ಕೈಯಿಂದ ಕತ್ತಿ ಜಾರುತ್ತದೆ.

ಹೇಳುವವನಿಗೆ ಆ ಧೈರ್ಯ ಬೇಕು. ಕೇಳುವವನಿಗೆ ಆ ಹೃದಯ ಬೇಕು. ಮೊದಲನೆಯದನ್ನು ಮಕ್ಕಳಿಗೆ ಕಲಿಸುವ ಹೊಣೆ ಮನೆಯದು. ಎರಡನೆಯದನ್ನು ಫಾರಮ್ಮಿನ ಆಚೆಬದಿಯಲ್ಲಿ ಕುಳಿತ ದೊಡ್ಡವರು ಕಲಿಯಬೇಕಾಗಿದೆ.