ಅಧಿಕಾರದ ಹೆಗಲೇರಿದ ಭಾಷೆ

ರಷ್ಯನ್ ಕಲಿಯುವವರು ಯಾಕಿಷ್ಟು ಕಡಿಮೆ ಎಂದು ಕೇಳಿದರೆ ಹೆಚ್ಚಿನವರು ಥಟ್ಟನೆ ಕೊಡುವ ಉತ್ತರ, ‘ಅದು ಬಹಳ ಕಷ್ಟ’ ಎಂಬುದು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲೆಂದೇ ಒಂದು ಸಂಸ್ಥೆಯನ್ನು ನಡೆಸುತ್ತದೆ. ಇಂಗ್ಲಿಷ್ ಬಲ್ಲವರಿಗೆ ರಷ್ಯನ್ ಕೈವಶವಾಗಲು ಸುಮಾರು 1,100 ಗಂಟೆಗಳ ಪಾಠ ಬೇಕು, ಜಪಾನಿ, ಕೊರಿಯನ್, ಚೀನಿ, ಅರೇಬಿಕ್‌ಗೆ 2,200 ಗಂಟೆ ಬೇಕು ಎಂಬುದು ಅದರ ಅಂದಾಜು. ಅಂದರೆ ಕೊರಿಯನ್ ಕಲಿಯಲು ಎರಡರಷ್ಟು ದುಡಿಯಬೇಕು. ಹೀಗಿದ್ದೂ 2016 ಮತ್ತು 2021ರ ನಡುವೆ ಅಮೆರಿಕದ ಕಾಲೇಜುಗಳಲ್ಲಿ ಕೊರಿಯನ್ ತರಗತಿಗೆ ಸೇರಿದವರ ಸಂಖ್ಯೆ ಸುಮಾರು ಶೇ 38ರಷ್ಟು ಏರಿತು. ರಷ್ಯನ್ ಕಲಿಯುವವರ ಸಂಖ್ಯೆ ಇಳಿಯಿತು.

ಕನ್ನಡಿಗರಿಗಂತೂ ಕಷ್ಟದ ನೆಪ ಹೇಳುವ ಹಕ್ಕೇ ಇಲ್ಲ. ರಷ್ಯನ್ನಿನಲ್ಲಿ ಆರು ವಿಭಕ್ತಿಗಳಿವೆ ಎಂದು ಇಂಗ್ಲಿಷರು ಬೆಚ್ಚಿಬೀಳಲಿ, ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಯೇ ಶಾಲೆ ದಾಟಿದ ನಾವೇಕೆ ಬೆಚ್ಚಬೇಕು? ಇಂಗ್ಲಿಷಿನ ‘ಎ’, ‘ದಿ’ಗಳ ಕಾಟ ಆ ಭಾಷೆಯಲ್ಲಿಲ್ಲ. ನಾವು ‘ಅವನು ವೈದ್ಯ’ ಎಂದು ಕ್ರಿಯಾಪದವಿಲ್ಲದೆ ಮಾತು ಮುಗಿಸುವ ಹಾಗೆಯೇ ಅವರೂ ಮುಗಿಸುತ್ತಾರೆ. ಲಿಪಿಯಲ್ಲಿರುವುದು 33 ಅಕ್ಷರ. ನಿಜವಾದ ತೊಡಕು ಕ್ರಿಯಾಪದಗಳಲ್ಲಿದೆ, ಪದದಿಂದ ಪದಕ್ಕೆ ಜಾಗ ಬದಲಿಸುವ ಸ್ವರಭಾರದಲ್ಲಿದೆ. ಅದು ಅಭ್ಯಾಸದಿಂದ ಬರುವಂಥದು.

ಇನ್ನು ಆಡುವವರ ಸಂಖ್ಯೆ. ಸುಮಾರು 25 ಕೋಟಿ ಜನ ರಷ್ಯನ್ ಬಲ್ಲರು. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಆದರೆ ತಲೆ ಎಣಿಸಿ ಯಾರೂ ಭಾಷೆ ಕಲಿಯುವುದಿಲ್ಲ. ಬಂಗಾಳಿಯನ್ನು, ಇಂಡೊನೇಷ್ಯಾದ ಭಾಷೆಯನ್ನು ಇಪ್ಪತ್ತು ಕೋಟಿಗೂ ಹೆಚ್ಚು ಜನ ಆಡುತ್ತಾರೆ. ಹೊರಗಿನಿಂದ ಬಂದು ಅವನ್ನು ಕಲಿಯುವವರು ವಿರಳ. ಹೊರಗಿನವನು ನೋಡುವುದು ಬೇರೆಯದನ್ನು: ಈ ಭಾಷೆ ನನಗೆ ಏನು ಕೊಡುತ್ತದೆ, ಇದನ್ನು ನನಗೆ ಕೊಡುತ್ತಿರುವವರು ಯಾರು? ಎರಡನೆಯ ಪ್ರಶ್ನೆಯೇ ರಷ್ಯನ್‌ಗೆ ಮುಳುವಾಯಿತು ಎಂಬುದು ನನ್ನ ನಂಬಿಕೆ. ಇಪ್ಪತ್ತನೇ ಶತಮಾನದಲ್ಲಿ ಆ ಭಾಷೆ ಎಲ್ಲಿಗೇ ಹೋದರೂ ಅದರ ಮುಂದೆ ಒಂದು ಸರ್ಕಾರ ನಡೆಯುತ್ತಿತ್ತು.

ಹಂಗೇರಿಯನ್ನು ನೋಡಿ. 1949ರಲ್ಲಿ ಅಲ್ಲಿನ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಯಿತು, ಆ ನಿಯಮ 1989ರವರೆಗೆ ಉಳಿಯಿತು. ಒಂದಿಡೀ ದೇಶದ ಮಕ್ಕಳು ನಲವತ್ತು ವರ್ಷ ಅದೇ ಪಾಠ ಓದಿದರು, ಅದೇ ಪರೀಕ್ಷೆ ಬರೆದರು. 1956ರಲ್ಲಿ ಬುಡಾಪೆಸ್ಟಿನ ಬೀದಿಗಳಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿ ಜನರ ದಂಗೆಯನ್ನು ಹೊಸಕಿದ ಮೇಲೂ ಮಾರನೆಯ ವರ್ಷದ ಮಕ್ಕಳು ಅದೇ ಭಾಷೆಯ ವಿಭಕ್ತಿಗಳನ್ನು ಒಪ್ಪಿಸಬೇಕಿತ್ತು. ಮೇಷ್ಟ್ರು ಕಲಿಸಿದಂತೆ ಮಾಡಿದರು, ಮಕ್ಕಳು ಕಲಿತಂತೆ ಮಾಡಿದರು. ಎಂಟು-ಹತ್ತು ವರ್ಷ ಓದಿದವರ ಬಾಯಲ್ಲಿ ಉಳಿದದ್ದು ನಾಲ್ಕು ವಾಕ್ಯ. ಕಲಿಯದೇ ಇರುವುದೇ ಆ ಜನಕ್ಕೆ ದಕ್ಕಿದ ಸಣ್ಣ ಪ್ರತಿಭಟನೆಯಾಗಿತ್ತು. ಅವರನ್ನು ದಡ್ಡರೆಂದು ಯಾರೂ ಅನ್ನಲಾರರು. ಕಡ್ಡಾಯ ಹೋದ ಕೂಡಲೇ ತರಗತಿಗಳು ಖಾಲಿಯಾದವು. ಸಾವಿರಾರು ರಷ್ಯನ್ ಶಿಕ್ಷಕರು ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಗಳಾಗಿ, ಇಂಗ್ಲಿಷನ್ನೋ ಜರ್ಮನ್ನನ್ನೋ ಕಲಿತು ಅದನ್ನು ಪಾಠ ಮಾಡಬೇಕಾಯಿತು. ಆ ಶಿಕ್ಷಕರಲ್ಲಿ ಪುಷ್ಕಿನ್‌ನನ್ನು ನಿಜವಾಗಿ ಪ್ರೀತಿಸಿದವರೂ ಇದ್ದಿರಲೇಬೇಕು. ಅವರ ಪಾಲಿಗೆ ಇದು ಎಂಥ ನೋವು!

ಎಲ್ಲರೂ ಹಾಗೆ ದೂರ ಸರಿದರು ಎಂದಲ್ಲ. ಪೂರ್ವ ಜರ್ಮನಿಯಲ್ಲಿ ಬೆಳೆದ ಏಂಗೆಲಾ ಮರ್ಕೆಲ್ ಶಾಲೆಯಲ್ಲಿದ್ದಾಗ ರಷ್ಯನ್ ಒಲಿಂಪಿಯಾಡ್ ಗೆದ್ದವರು. ಮುಂದೆ ಚಾನ್ಸಲರ್ ಆದಾಗಲೂ ಆ ಭಾಷೆಯ ಬಗೆಗಿನ ಅಕ್ಕರೆಯನ್ನು ಅವರು ಮುಚ್ಚಿಡಲಿಲ್ಲ. ಆದರೆ ಇಂಥವರು ಬೆರಳೆಣಿಕೆಯಷ್ಟು.

ಅಮೆರಿಕದಲ್ಲಿ ರಷ್ಯನ್ ಕಲಿಸಿದ್ದು ಭಯ. 1957ರ ಅಕ್ಟೋಬರ್ 4ರಂದು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿತು. ಮರುವರ್ಷವೇ ಶಿಕ್ಷಣಕ್ಕೆ ರಕ್ಷಣೆಯ ಹೆಸರಿನಲ್ಲಿ ಹಣ ಕೊಡುವ ಕಾನೂನು ಬಂತು, ರಷ್ಯನ್ ವಿಭಾಗಗಳು ತುಂಬಿಕೊಂಡವು. 1990ರಲ್ಲಿ ಅಲ್ಲಿನ ಕಾಲೇಜುಗಳಲ್ಲಿ ಸುಮಾರು 44 ಸಾವಿರ ಮಂದಿ ರಷ್ಯನ್ ಓದುತ್ತಿದ್ದರು. ಐದೇ ವರ್ಷದಲ್ಲಿ ಅದು 25 ಸಾವಿರದ ಆಸುಪಾಸಿಗೆ ಇಳಿಯಿತು. ಶತ್ರು ಇಲ್ಲವಾದ ಮೇಲೆ ಶತ್ರುವಿನ ಭಾಷೆ ಯಾರಿಗೆ ಬೇಕು?

ನಮ್ಮ ಕಥೆ ಬೇರೆ. ನಮ್ಮನ್ನು ಯಾರೂ ಒತ್ತಾಯಿಸಲಿಲ್ಲ, ನಮಗೆ ಭಯವೂ ಇರಲಿಲ್ಲ. ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ್ದು ಸೋವಿಯತ್ ರಾಕೆಟ್ಟಿನಲ್ಲಿ. ಅದಕ್ಕಿಂತ ಹೆಚ್ಚಾಗಿ ನಮ್ಮ ಮನೆಗಳಿಗೆ ಬಂದದ್ದು ಅವರ ಪುಸ್ತಕ. ನವಕರ್ನಾಟಕದ ಮಳಿಗೆಗಳಲ್ಲಿ, ಅವರ ಪ್ರದರ್ಶನಗಳಲ್ಲಿ, ಗಟ್ಟಿ ರಟ್ಟಿನ, ಬಣ್ಣದ ಚಿತ್ರಗಳ ಸೋವಿಯತ್ ಪುಸ್ತಕಗಳು ಬಡವರ ಮಕ್ಕಳೂ ಕೊಳ್ಳುವ ಬೆಲೆಗೆ ಸಿಗುತ್ತಿದ್ದವು. ಟಾಲ್‌ಸ್ಟಾಯ್, ಗಾರ್ಕಿ, ಚೆಕಾಫ್, ಮಕ್ಕಳ ಕಥೆಗಳು, ಪೆರೆಲ್ಮಾನ್ ಬರೆದ ಭೌತಶಾಸ್ತ್ರದ ಸ್ವಾರಸ್ಯಗಳು. ಐಐಟಿ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳ ಮೇಜಿನ ಮೇಲೆ ಇರೊದೊವ್‌ನ ಲೆಕ್ಕಗಳ ಪುಸ್ತಕ ಈಗಲೂ ಇರುತ್ತದೆ. ಈ ಉಪಕಾರವನ್ನು ನಾನು ಸಣ್ಣದೆಂದು ಎಂದೂ ಹೇಳಲಾರೆ. ಒಂದು ತಲೆಮಾರಿಗೆ ಓದಿನ ರುಚಿ ಹತ್ತಿಸಿದ ಪುಸ್ತಕಗಳವು.

ಆದರೆ ಅವೆಲ್ಲ ಬಂದದ್ದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಪುಸ್ತಕ ಸಿಕ್ಕಿದ ಮೇಲೆ ಭಾಷೆ ಕಲಿಯುವ ತುರ್ತು ನಮಗಿರಲಿಲ್ಲ. ವಿಜ್ಞಾನದಲ್ಲೂ ಹೀಗೇ ಆಯಿತು: ಸೋವಿಯತ್ ಭೌತಶಾಸ್ತ್ರದ ಪ್ರಮುಖ ನಿಯತಕಾಲಿಕೆಯನ್ನು 1955ರಿಂದಲೇ ಅಮೆರಿಕನ್ನರು ಇಡಿಯಾಗಿ ಇಂಗ್ಲಿಷಿಗೆ ತರತೊಡಗಿದರು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಅಗ್ಗದ ಪುಸ್ತಕಗಳೂ ನಿಂತವು. ಹೊಸ ರಷ್ಯನ್ ಲೇಖಕರು ಏನು ಬರೆಯುತ್ತಿದ್ದಾರೆಂದು ಮೂಲದಲ್ಲೇ ಓದಿ ಕನ್ನಡಕ್ಕೆ ಹೇಳಬಲ್ಲವರನ್ನು ನಾವು ಬೆಳೆಸಿಕೊಂಡಿರಲಿಲ್ಲ.

ಸರ್ಕಾರದ ಬೆಂಬಲವೇ ಇಲ್ಲದೆ ಭಾಷೆಗಳು ಕೂಡಿದ ಒಂದು ಸಂದರ್ಭ ನಮ್ಮ ನೆಲದಲ್ಲೇ ಇದೆ. ಹದಿನೈದನೇ ಶತಮಾನದಲ್ಲಿ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿಗಳ ಬೀದರ್‌ಗೆ ಬಂದು ತಂಗಿದ್ದ. ಅವನ ಬೆನ್ನ ಹಿಂದೆ ಸೈನ್ಯವಾಗಲಿ ಒಪ್ಪಂದವಾಗಲಿ ಇರಲಿಲ್ಲ. ಅವನ ಪ್ರವಾಸ ಕಥನದಲ್ಲಿ ರಷ್ಯನ್ ಸಾಲುಗಳ ನಡುನಡುವೆ ತುರ್ಕಿ, ಪಾರಸಿ, ಅರಬ್ಬಿ ಬೆರೆತ ಮಾತು ನುಗ್ಗಿಬರುತ್ತದೆ, ಕೆಲವೆಡೆ ದೇವರ ಪ್ರಾರ್ಥನೆಯೂ ಆ ಕಲಬೆರಕೆ ಮಾತಿನಲ್ಲೇ ಇದೆ. ಜನರ ಜತೆ ಕೊಟ್ಟು ಕೊಂಡು, ಉಂಡು, ಜಗಳಾಡಿ ಕಲಿತದ್ದು ಮನುಷ್ಯನ ಒಳಗೆ ಅಷ್ಟು ಆಳಕ್ಕೆ ಇಳಿಯುತ್ತದೆ.

ಈಗಿನ ಯುದ್ಧದ ಮಾತಿಗೆ ಬರುತ್ತೇನೆ, ಅದನ್ನು ಬಿಟ್ಟು ಈ ವಿಷಯ ಬರೆಯಲಾಗದು. ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ರಷ್ಯನ್ ಮನೆಮಾತಿನಲ್ಲೇ ಬೆಳೆದವರು. ಆ ದೇಶದ ಪೂರ್ವಭಾಗದ ನಗರಗಳಲ್ಲಿ ಅದೇ ಬೀದಿಯ ಭಾಷೆ, ಪ್ರೀತಿಯ ಭಾಷೆ ಆಗಿತ್ತು. ದೊನೆತ್ಸ್ಕ್‌ನ ಕಾದಂಬರಿಕಾರ ವೊಲೊದಿಮಿರ್ ರಫೆಯೆಂಕೊ ರಷ್ಯನ್‌ನಲ್ಲಿ ಬರೆದೇ ಹೆಸರಾದವರು. 2014ರಲ್ಲಿ ಊರು ಬಿಡಬೇಕಾಗಿ ಬಂದ ಮೇಲೆ ಉಕ್ರೇನಿಯನ್ ಕಲಿತು ಅದರಲ್ಲೊಂದು ಕಾದಂಬರಿ ಬರೆದರು. ರಷ್ಯಾದ 2022ರ ದಾಳಿಯ ನಂತರ ರಷ್ಯನ್‌ನಲ್ಲಿ ಬರೆಯುವುದನ್ನೇ ಕೈಬಿಟ್ಟರು. ರಷ್ಯನ್ ಆಡುವವರ ರಕ್ಷಣೆ ನಮ್ಮ ಗುರಿ ಎಂದು ಮಾಸ್ಕೋ ಹೇಳಿಕೊಂಡು ಹೊರಟ ಯುದ್ಧವಿದು. ಆ ಭಾಷೆಗೆ ಇದಕ್ಕಿಂತ ದೊಡ್ಡ ಹಾನಿಯನ್ನು ಅದರ ಶತ್ರುಗಳೂ ಮಾಡಿರಲಿಲ್ಲ.

ಹಾಗೆಂದು ಚೆಕಾಫ್‌ನನ್ನು, ಕವಯಿತ್ರಿ ಅಖ್ಮಾತೊವಾಳನ್ನು ಕ್ರೆಮ್ಲಿನ್‌ಗೆ ಬಿಟ್ಟುಕೊಡುವುದು ನನಗೆ ಸಾಧ್ಯವಿಲ್ಲ. ಅಖ್ಮಾತೊವಾಳ ಮಗನನ್ನು ಸೆರೆಗೆ ನೂಕಿದ್ದು ಅಲ್ಲಿನ ಸೋವಿಯತ್ ಸರ್ಕಾರವೇ. ಅವಳ ಭಾಷೆಯನ್ನು ಸರ್ಕಾರದ ಆಸ್ತಿ ಎಂದುಕೊಂಡು ದೂರವಿಟ್ಟರೆ ಅವಳಿಗೆ ಎರಡನೇ ಸಲ ಅನ್ಯಾಯವಾದಂತೆ.

ಇನ್ನು, ಭಾಷೆ ಏನು ಕೊಡುತ್ತದೆ ಎಂಬ ಮೊದಲ ಪ್ರಶ್ನೆ. ನಮ್ಮಲ್ಲಿ ಜರ್ಮನ್ ಕಲಿಯುವ ನರ್ಸುಗಳಿಗೆ ಜರ್ಮನಿಯ ಆಸ್ಪತ್ರೆಯ ಕೆಲಸ ಕಣ್ಣೆದುರಿಗಿದೆ. ರಷ್ಯನ್‌ಗೆ ಅಂಥ ಸೆಳೆತ ಇಲ್ಲ ಎಂಬುದು ನಿಜ. ಆದರೂ ಪ್ರತಿ ವರ್ಷ ನಮ್ಮ ಮಕ್ಕಳು ವೈದ್ಯಕೀಯ ಓದಲು ಕಜಾನ್‌ಗೆ, ಕುರ್ಸ್ಕ್‌ಗೆ, ತ್ವೇರ್‌ಗೆ ಹೋಗುತ್ತಿದ್ದಾರೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿದ ಅಜ್ಜಿ ತನ್ನ ಎದೆನೋವನ್ನು ಹೇಳಿಕೊಳ್ಳುವುದು ರಷ್ಯನ್‌ನಲ್ಲೇ. ಅದು ತಿಳಿಯದೆ ವೈದ್ಯರಾಗಲು ಬರುವುದಿಲ್ಲ. ಹೀಗೆ ರೋಗಿಯ ಬಾಯಿಂದ ಭಾಷೆ ಕಲಿತವರು ಆರು ವರ್ಷದ ಬಳಿಕ ಊರಿಗೆ ಮರಳುತ್ತಾರೆ, ಇಲ್ಲಿನ ಪರವಾನಗಿ ಪರೀಕ್ಷೆಯ ಓದಿನಲ್ಲಿ ಮುಳುಗುತ್ತಾರೆ, ಕಲಿತ ರಷ್ಯನ್ ಎರಡು ವರ್ಷದಲ್ಲಿ ಮರೆತುಹೋಗುತ್ತದೆ. ಅವರನ್ನು ಯಾರೂ ಹುಡುಕುವುದಿಲ್ಲ. ಅನುವಾದಕ್ಕೆಂದೇ ಇರುವ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇವರಲ್ಲಿ ಓದಿನ ಹವ್ಯಾಸವಿರುವ ಹತ್ತು ಮಂದಿಯನ್ನು ಗುರುತಿಸಿ, ಒಳ್ಳೆಯ ಕನ್ನಡ ಬರಹಗಾರರ ಜತೆ ಕೂರಿಸಿ, ಇಂಗ್ಲಿಷಿನ ಹಂಗಿಲ್ಲದೆ ಮೂಲದಿಂದಲೇ ಒಂದು ಕಥಾಸಂಕಲನ ತರಲಿ. ಚೆಕಾಫ್‌ನಿಂದಲೇ ಶುರುಮಾಡಬಹುದು, ಅವನೂ ವೈದ್ಯನೇ.